ನೂರು ವಾಟು ಎಂದರೆ ಎಷ್ಟು?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಾಟು, ಓಮು, ಡೆಸಿಬೆಲ್ಲುಗಳ ಮಾತೆತ್ತುವುದು ಮದುವೆಯ ಮನೆಯಲ್ಲಿ ಸಾಲದ ಲೆಕ್ಕ ತೆಗೆದ ಹಾಗೆ ಎಂದು ಮಿತ್ರರೊಬ್ಬರು ನನ್ನನ್ನು ಮೊದಲೇ ಎಚ್ಚರಿಸಿದ್ದಾರೆ. ಕವಿತೆಯಿದೆ, ಪ್ರವಾಸಕಥನವಿದೆ, ಅದಾವುದೂ ಕೈಗೂಡದಿದ್ದರೆ ಹಾಸ್ಟೆಲಿನ ಸಾರಿನ ಮೇಲೆ ಒಂದು ಹರಟೆಯಾದರೂ ಇದೆ. ಅವನ್ನೆಲ್ಲ ಬಿಟ್ಟು ಯಂತ್ರದ ಗೊಡವೆ ನಿನಗೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಳೆದ ಬೇಸಗೆಯ ರಜದಲ್ಲಿ ನಮ್ಮ ಮನೆಗೆ ಒಂದು ಹೋಂ ಥಿಯೇಟರ್ ರಿಸೀವರನ್ನು ಕೊಳ್ಳಬೇಕಾಗಿ ಬಂದಾಗ ನಮಗೆ ಎದುರಾದದ್ದು ಯಂತ್ರದ ತೊಡಕಲ್ಲ, ಅರ್ಥದ ತೊಡಕು. ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಒಂದು ಪದ. ಇವೆರಡೂ ಸೇರಿ ಏನು ಹೇಳುತ್ತವೆ ಎಂಬುದೇ ಸಮಸ್ಯೆ. ಪದದ ಅರ್ಥವನ್ನು ಸಂದರ್ಭದಿಂದ ತಿಳಿಯಬೇಕೆಂದು ನಮಗೆ ತರಗತಿಯಲ್ಲಿ ದಿನವೂ ಹೇಳಿಕೊಡುತ್ತಾರೆ. ಸಂಖ್ಯೆಯ ಅರ್ಥವನ್ನೂ ಹಾಗೆಯೇ ತಿಳಿಯಬೇಕೆಂಬುದನ್ನು ಕಲಾ ವಿದ್ಯಾರ್ಥಿಯೊಬ್ಬನು ಬರೆದರೆ ಅಪಚಾರವೇನೂ ಆಗದೆಂದು ನಂಬಿ ಮುಂದುವರಿಯುತ್ತೇನೆ.

ರಿಸೀವರ್ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಟೆಲಿವಿಷನ್ನಿನಿಂದಲೋ ಬೇರೆ ಯಂತ್ರದಿಂದಲೋ ಬರುವ ಶಬ್ದವನ್ನು ತೆಗೆದುಕೊಂಡು, ಅದನ್ನು ಎಡ, ಬಲ, ನಡು, ಹಿಂದೆ ಎಂದು ಪಾಲು ಮಾಡಿ, ಪ್ರತಿಯೊಂದು ಪಾಲಿಗೂ ಬಲ ತುಂಬಿ, ಅದರದರ ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯೇ ರಿಸೀವರ್. ಪ್ರತಿಯೊಂದು ಪಾಲಿಗೂ ಚಾನೆಲ್ ಎಂದು ಹೆಸರು. ಪೆಟ್ಟಿಗೆಯ ಮೇಲೆ ೫.೧ ಎಂದು ಬರೆದಿದ್ದರೆ ಐದು ಸ್ಪೀಕರು, ಜೊತೆಗೆ ಮಂದ್ರ ಶಬ್ದಕ್ಕೆಂದೇ ಒಂದು ಸಬ್‌ವೂಫರ್ ಎಂದು ಅರ್ಥ. ಇಷ್ಟು ತಿಳಿದರೆ ಈ ಲೇಖನಕ್ಕೆ ಸಾಕು.

ನಮ್ಮದು ತಿಪಟೂರಿನ ಕಡೆ ತೆಂಗಿನ ತೋಟ ನೆಚ್ಚಿಕೊಂಡ ಸಂಸಾರ. ಇಂಥ ಮನೆಗೆ ಹೋಂ ಥಿಯೇಟರಿನ ಶೋಕಿ ಏಕೆ ಬಂತೆಂದು ನೀವು ಕೇಳಬಹುದು. ಬಂದದ್ದು ಶೋಕಿಗಲ್ಲ, ನಮ್ಮ ಅಜ್ಜಿಗಾಗಿ. ಅಜ್ಜಿಗೆ ಎಪ್ಪತ್ತೆಂಟು ವರ್ಷ. ಸಂಜೆ ದೀಪ ಹಚ್ಚಿದ ಮೇಲೆ ಧಾರಾವಾಹಿ, ಭಾನುವಾರ ಹಳೆಯ ಸಿನೆಮಾ, ಇವು ಆಕೆಯ ನಿಯಮ. ಎರಡು ವರ್ಷದಿಂದ ಆಕೆಗೆ ಮಾತು ಹಿಡಿಯುವುದು ಕಷ್ಟವಾಯಿತು. “ಏನಂದ? ಏನಂದ?” ಎಂದು ಪಕ್ಕದವರನ್ನು ಕೇಳುವಳು. ಮೂರು ಸಲ ಹೇಳಿದವರು ನಾಲ್ಕನೆಯ ಸಲಕ್ಕೆ “ಏನೂ ಇಲ್ಲ ಬಿಡಜ್ಜಿ” ಎನ್ನುವರು. ಮುದುಕರ ಕಿವಿಗೆ ಎಲ್ಲ ಮಾತೂ ಬೀಳದಿರಬಹುದು. “ಏನೂ ಇಲ್ಲ” ಎಂಬ ಮಾತು ಮಾತ್ರ ತಪ್ಪದೆ ಬೀಳುತ್ತದೆ. ಕ್ರಮೇಣ ಅಜ್ಜಿ ಕೇಳುವುದನ್ನು ನಿಲ್ಲಿಸಿದಳು. ಆಮೇಲೆ ಬಂದು ಕೂರುವುದನ್ನೂ ನಿಲ್ಲಿಸಿದಳು. ನಾವೆಲ್ಲ ನಡುಮನೆಯಲ್ಲಿ ನಗುತ್ತಿದ್ದರೆ ಆಕೆ ಹಿತ್ತಿಲ ಜಗಲಿಯಲ್ಲಿ ಒಬ್ಬಳೇ ಬತ್ತಿ ಹೊಸೆಯುತ್ತ ಕುಳಿತಿರುವಳು. ವೈದ್ಯರು ಕೊಟ್ಟ ಕಿವಿಯ ಯಂತ್ರವನ್ನು ಹೊರಗೆ ಹೋಗುವಾಗ ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಕಿವಿ ಕೆರೆಯುತ್ತದೆಂದು ತೆಗೆದು ಡಬ್ಬಿಯಲ್ಲಿಡುತ್ತಾಳೆ. ಟೆಲಿವಿಷನ್ನಿನ ಶಬ್ದವನ್ನು ಹೆಚ್ಚಿಸಿ ನೋಡಿದೆವು. ಅದರಿಂದ ಬೀದಿಯವರಿಗೆ ಕತೆ ತಿಳಿಯಿತೇ ಹೊರತು ಅಜ್ಜಿಗೆ ತಿಳಿಯಲಿಲ್ಲ.

ಈ ಸಲದ ಕೊಬ್ಬರಿ ಮಾರಿದ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಇಡುವುದೆಂದು ನಮ್ಮ ತಂದೆಯವರು ತೀರ್ಮಾನಿಸಿದರು. ಆ ಹಣಕ್ಕೆ ಇನ್ನೊಬ್ಬ ಹಕ್ಕುದಾರನಿದ್ದ. ಎರಡು ಸಲ ಕಾಯಿಲ್ ಸುತ್ತಿಸಿದ ಬೋರ್‌ವೆಲ್ಲಿನ ಮೋಟರು. ಮೋಟರನ್ನು ಮುಂದಿನ ವರ್ಷಕ್ಕೆ ತಳ್ಳಿ ಅಜ್ಜಿಯನ್ನು ಮುಂದಕ್ಕೆ ತಂದರು. ಆದ್ದರಿಂದ ಕೊಳ್ಳುವ ಪೆಟ್ಟಿಗೆ ಕೆಲಸಕ್ಕೆ ಬಾರದ್ದಾದರೆ ನಷ್ಟ ಎರಡು ಕಡೆಗೆ: ಅಜ್ಜಿ ಜಗಲಿಯಲ್ಲೇ ಉಳಿಯುವಳು, ತೋಟವೂ ಬಾಯಾರುವುದು.

ಜಿಲ್ಲಾ ಕೇಂದ್ರದ ಒಂದು ಅಂಗಡಿಗೆ ಹೋದೆವು. ಅಲ್ಲಿ ನಮ್ಮ ಕೈಗೆ ಎಟುಕುವಂಥವು ಎರಡು. ಒಂದು, ರಿಸೀವರು, ಐದು ಪುಟ್ಟ ಸ್ಪೀಕರು, ಸಬ್‌ವೂಫರು ಎಲ್ಲ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಜೋಡಣೆ. ಅದರ ಮೇಲೆ ಅಂಗೈಯಗಲದ ಅಕ್ಷರದಲ್ಲಿ “೧೦೦೦ ವಾಟ್” ಎಂದು ಅಚ್ಚು ಹಾಕಿತ್ತು. ಇನ್ನೊಂದು, ಬರಿಯ ರಿಸೀವರು. ಸ್ಪೀಕರನ್ನು ಬೇರೆಯಾಗಿ ಕೊಳ್ಳಬೇಕು. ಅದರ ವಿವರದ ಚೀಟಿಯಲ್ಲಿ ಬರೆದಿದ್ದುದು “೭೦ ವಾಟ್” ಎಂದು. ವಿಚಿತ್ರವೇನೆಂದರೆ, ಬರಿಯ ಎಪ್ಪತ್ತಕ್ಕೆ ಸ್ಪೀಕರು ಸಮೇತವಾದ ಸಾವಿರಕ್ಕಿಂತ ಬೆಲೆ ಹೆಚ್ಚು.

“ಯಜಮಾನ್ರೆ, ಇದು ಸಾವಿರ ವಾಟು. ಹಾಕಿದ್ರೆ ಮನೆ ಗೋಡೆ ಅದುರುತ್ತೆ,” ಎಂದ ಅಂಗಡಿಯ ಹುಡುಗ.

“ಗೋಡೆ ಅದುರೋದು ಬೇಡ ಕಣಪ್ಪಾ, ನಮ್ಮವ್ವಂಗೆ ಮಾತು ಕೇಳಿಸಬೇಕು,” ಎಂದರು ತಂದೆಯವರು. ಆಮೇಲೆ ಎರಡು ಪೆಟ್ಟಿಗೆಗಳನ್ನೂ ಒಮ್ಮೆ ನೋಡಿ, “ಎಪ್ಪತ್ತಕ್ಕೆ ಹೆಚ್ಚು ದುಡ್ಡು, ಸಾವಿರಕ್ಕೆ ಕಡಿಮೆ ದುಡ್ಡು. ಇದು ಯಾವ ಸೀಮೆ ಲೆಕ್ಕ?” ಎಂದು ಕೇಳಿದರು.

“ಅದು ಕಂಪನಿ ಹೆಸರಿನ ಬೆಲೆ, ಯಜಮಾನ್ರೆ.”

“ಅಲ್ಲ ಕಣಪ್ಪಾ, ನಾನು ಮೋಟರ್ ತಗೊಳ್ಳೋಕೆ ಹೋದ್ರೆ ಬರೀ ಎಷ್ಟು ಎಚ್. ಪಿ. ಅಂತ ಕೇಳಲ್ಲ. ಎಷ್ಟು ಅಡಿಯಿಂದ ಎಷ್ಟು ಇಂಚು ನೀರು ಎತ್ತುತ್ತೆ ಅಂತ ಕೇಳ್ತೀನಿ. ಇದಕ್ಕೆ ಅಡಿ ಎಷ್ಟು, ಇಂಚು ಎಷ್ಟು?”

ಹುಡುಗ ನಕ್ಕುಬಿಟ್ಟ. ಆದರೆ ಒಳಗೆ ಕುಳಿತಿದ್ದ ಅಂಗಡಿಯ ಹಿರಿಯರು ನಗಲಿಲ್ಲ. ಎರಡು ಯಂತ್ರಗಳ ಕೈಪಿಡಿಯನ್ನೂ ತೆಗೆದುಕೊಟ್ಟು, ಕೊನೆಯ ಪುಟಗಳ ಚಿತ್ರ ತೆಗೆದುಕೊಳ್ಳಿರೆಂದು ನನಗೆ ಹೇಳಿದರು. ತೆಗೆದುಕೊಂಡು, ಏನನ್ನೂ ಕೊಳ್ಳದೆ ಊರಿಗೆ ಹಿಂದಿರುಗಿದೆವು.

ನಮ್ಮ ತಂದೆಯವರ ಪ್ರಶ್ನೆ ಎಷ್ಟು ಸರಿಯಾದದ್ದೆಂಬುದು ನನಗೆ ಹೊಳೆದದ್ದು ವಾಟು ಎಂಬ ಹೆಸರಿನ ಮೂಲವನ್ನು ಓದಿದಾಗ. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಬಲವನ್ನು ಗಿರಾಕಿಗಳಿಗೆ ತಿಳಿಸಲು ಕುದುರೆಯನ್ನು ಅಳತೆಯಾಗಿ ಇಟ್ಟುಕೊಂಡ. ೩೩,೦೦೦ ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವುದು ಒಂದು ಅಶ್ವಶಕ್ತಿ. ಎಷ್ಟು ಭಾರ, ಎಷ್ಟು ಎತ್ತರ, ಎಷ್ಟು ಹೊತ್ತು, ಈ ಮೂರನ್ನೂ ಹೇಳದೆ ಆತ ಶಕ್ತಿಯ ಮಾತನ್ನೇ ಎತ್ತಲಿಲ್ಲ. ಆತನ ಹೆಸರನ್ನು ಶಕ್ತಿಯ ಮಾನಕ್ಕೆ ಇಡಬೇಕೆಂದು ೧೮೮೨ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದ. ಒಂದು ಅಶ್ವಶಕ್ತಿಗೆ ಸುಮಾರು ೭೪೬ ವಾಟು. ನಮ್ಮ ಬೋರ್‌ವೆಲ್ಲಿನ ಎಚ್. ಪಿ.ಯೂ ಅಂಗಡಿಯ ರಿಸೀವರಿನ ವಾಟೂ ಹೀಗೆ ಒಂದೇ ಬಳಗದವು. ಮೋಟರಿನ ಫಲಕದ ಮೇಲೆ ಎಚ್. ಪಿ.ಯ ಜೊತೆಗೆ ಎಷ್ಟು ಎತ್ತರಕ್ಕೆ, ಸೆಕೆಂಡಿಗೆ ಎಷ್ಟು ಲೀಟರು ಎಂಬುದನ್ನೂ ಕೆತ್ತಿರುತ್ತಾರೆ. ಆದ್ದರಿಂದ ರೈತ ಕೇಳಬಲ್ಲ. ರಿಸೀವರಿನ ರಟ್ಟಿನ ಮೇಲೆ ಮಾತ್ರ ಸಂಖ್ಯೆ ದೊಡ್ಡದಾಗಿರುತ್ತದೆ, ಷರತ್ತು ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಅಡಗಿರುತ್ತದೆ.

ಆ ಸಣ್ಣಕ್ಷರವನ್ನು ಓದಲು ನನಗೆ ನೆರವಾದವರು ಪಕ್ಕದ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು. ತಮ್ಮ ಹೆಸರನ್ನು ಎಲ್ಲೂ ಬರೆಯಕೂಡದೆಂದು ಅವರ ಕಟ್ಟಪ್ಪಣೆ. ಬರೆದರೆ ಊರಿನವರೆಲ್ಲ ಕೆಟ್ಟ ರೇಡಿಯೋ ಹೊತ್ತುಕೊಂಡು ಬರುತ್ತಾರೆಂಬ ಅಂಜಿಕೆ. ಅವರು ಹೇಳಿದ್ದು ಇಷ್ಟು: ವಾಟಿನ ಸಂಖ್ಯೆ ಕಂಡಾಗ ಐದು ಪ್ರಶ್ನೆ ಕೇಳು. ಎಷ್ಟು ಹೊತ್ತು? ಎಷ್ಟು ಕೆಟ್ಟ ಮೇಲೆ? ಯಾವ ಕಂಪನಕ್ಕೆ? ಎಷ್ಟು ಓಮಿಗೆ? ಎಷ್ಟು ಚಾನೆಲ್ ಒಟ್ಟಿಗೆ?

ಮೊದಲನೆಯದು ಹೊತ್ತಿನ ಮಾತು. ಶಬ್ದದ ವಿದ್ಯುತ್ತು ಅಲೆಯಂತೆ ಏರಿ ಇಳಿಯುತ್ತದೆ. ಸಮವಾದ ಅಲೆಯೊಂದರ ತುತ್ತತುದಿಯಲ್ಲಿ ಇರುವ ಶಕ್ತಿ ಅದರ ಸರಾಸರಿಯ ಎರಡರಷ್ಟು. ಆದ್ದರಿಂದ ೨೦ ವಾಟನ್ನು ಸತತವಾಗಿ ಕೊಡುವ ಯಂತ್ರವನ್ನು “ಗರಿಷ್ಠ ೪೦ ವಾಟ್” ಎಂದು ಸುಳ್ಳು ಹೇಳದೆಯೇ ಮಾರಬಹುದು. ಎಡ ಬಲ ಎರಡನ್ನೂ ಕೂಡಿಸಿದರೆ ೮೦. ಇಲ್ಲಿಗೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ. ೧೯೯೦ರ ದಶಕದಲ್ಲಿ ನಮ್ಮ ದೇಶದ ಮನೆಮನೆಯಲ್ಲಿದ್ದ ಟೇಪ್ ರೆಕಾರ್ಡರುಗಳ ಮೇಲೆ ಪಿ. ಎಂ. ಪಿ. ಓ. ಎಂಬ ನಾಲ್ಕಕ್ಷರವೂ ಅದರ ಹಿಂದೆ ನೂರಾರು, ಸಾವಿರಾರು ವಾಟೂ ಹೊಳೆಯುತ್ತಿದ್ದುದನ್ನು ಅಧ್ಯಾಪಕ ಮಹನೀಯರು ಮರೆತಿರಲಾರರು. ಆ ನಾಲ್ಕಕ್ಷರಕ್ಕೆ ಎಲ್ಲರೂ ಒಪ್ಪಿದ ಅಳತೆಯೆಂಬುದು ಇರಲೇ ಇಲ್ಲ. ಬರೆದವನ ಧೈರ್ಯವೇ ಅದರ ಅಳತೆ. ಸತತವಾಗಿ ಕೊಡುವ ಸರಾಸರಿಯನ್ನು ವ್ಯಾಪಾರದ ಭಾಷೆಯಲ್ಲಿ ಆರ್. ಎಂ. ಎಸ್. ವಾಟ್ ಎನ್ನುತ್ತಾರೆ. ನಂಬಬಹುದಾದ ಮೊದಲ ಮೆಟ್ಟಿಲು ಇದು.

ಎರಡನೆಯದು ಕೆಡುವುದರ ಮಾತು. ಯಂತ್ರಕ್ಕೆ ತನ್ನ ಮಿತಿಯ ಆಚೆಗೆ ಕೆಲಸ ಕೊಟ್ಟರೆ ಅಲೆಯ ತಲೆ ಚಪ್ಪಟೆಯಾಗುತ್ತದೆ; ಮೂಲದಲ್ಲಿ ಇಲ್ಲದ ಕಂಪನಗಳು ಹುಟ್ಟಿ ಬೆರೆಯುತ್ತವೆ. ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಒಳ್ಳೆಯ ಯಂತ್ರ ತನ್ನ ಮಿತಿಯೊಳಗೆ ಇದ್ದಾಗ ಶೇಕಡಾ ೦.೧ಕ್ಕಿಂತ ಕಡಿಮೆ ಕೆಡಿಸುತ್ತದೆ. ಶೇಕಡಾ ೧೦ ಎಂದರೆ ಗಂಟಲು ಹರಿಯುವಂತೆ ಕೂಗಿದ ಹಾಗೆ. ಆದರೆ ಹಾಗೆ ಕೂಗಲು ಬಿಟ್ಟರೆ ಅದೇ ಯಂತ್ರದ ಸಂಖ್ಯೆ ಮೂರರಲ್ಲೊಂದು ಪಾಲು ಏರಿಬಿಡುತ್ತದೆ. ಬರೆಯುವವರಿಗೆ ಆಸೆಯಾಗುವುದು ಸಹಜ.

ಮೂರನೆಯದು ಕಂಪನ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು ೨೦ ಕಂಪನದಿಂದ ೨೦,೦೦೦ ಕಂಪನದವರೆಗೆ. ಮಂದ್ರದ ಕೊನೆಯಿಂದ ತಾರದ ಕೊನೆಯವರೆಗೂ ಇಷ್ಟು ವಾಟು ಕೊಡುತ್ತೇನೆ ಎಂಬುದು ಒಂದು ಮಾತು. ೧೦೦೦ ಕಂಪನವೆಂಬ ಒಂದೇ ಒಂದು ನಡುದಾರಿಯ ಶ್ರುತಿಯಲ್ಲಿ ಕೊಡುತ್ತೇನೆ ಎಂಬುದು ಇನ್ನೊಂದು ಮಾತು. ಎರಡನೆಯದು ಸುಲಭ. ಒಂದೇ ಸ್ವರವನ್ನು ಚೆನ್ನಾಗಿ ಹಾಡುವವನನ್ನು ಗಾಯಕನೆಂದು ಯಾರೂ ಕರೆಯುವುದಿಲ್ಲ.

ನಾಲ್ಕನೆಯದು ಓಮು. ಇದು ಸ್ಪೀಕರು ಒಡ್ಡುವ ತಡೆಯ ಅಳತೆ. ತಡೆ ಕಡಿಮೆಯಾದಷ್ಟೂ ವಿದ್ಯುತ್ತು ಹೆಚ್ಚು ಹರಿಯುತ್ತದೆ, ಸಂಖ್ಯೆಯೂ ಹೆಚ್ಚುತ್ತದೆ, ಯಂತ್ರವೂ ಹೆಚ್ಚು ಬಿಸಿಯಾಗುತ್ತದೆ. ವೋಲ್ಟೇಜು ಒಂದೇ ಇದ್ದರೆ ೮ ಓಮಿಗೆ ೫೦ ವಾಟು ಕೊಡುವುದು ೪ ಓಮಿಗೆ ೧೦೦ ಕೊಟ್ಟೀತು. ಹಾಗೆ ಕೊಡಲು ಅದರ ಮೈಯಲ್ಲಿ ಕಸುವಿರಬೇಕು ಅಷ್ಟೆ. ಆದ್ದರಿಂದ ಒಂದರ ೩ ಓಮಿನ ಸಂಖ್ಯೆಯನ್ನು ಇನ್ನೊಂದರ ೮ ಓಮಿನ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸುವುದು ಸೇರಿನ ಅಳತೆಯನ್ನೂ ಕೊಳಗದ ಅಳತೆಯನ್ನೂ ಒಂದೇ ಎಂದು ಎಣಿಸಿದಂತೆ.

ಐದನೆಯದು, ಎಷ್ಟು ಚಾನೆಲ್ ಒಟ್ಟಿಗೆ ಎಂಬುದು. ಇದನ್ನು ತಂದೆಯವರಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. ನಮ್ಮ ಊರಿನ ಟಿ. ಸಿ.ಯ ಮೇಲೆ ಹತ್ತು ಪಂಪ್‌ಸೆಟ್ಟುಗಳಿವೆ. ರಾತ್ರಿ ಎರಡು ಗಂಟೆಗೆ ಒಬ್ಬನೇ ಎದ್ದು ಸ್ವಿಚ್ಚು ಹಾಕಿದರೆ ನೀರು ಧಾರಾಳ. ತ್ರೀ ಫೇಸ್ ಬಂತೆಂದು ಹತ್ತು ಜನವೂ ಒಟ್ಟಿಗೆ ಹಾಕಿದರೆ ವೋಲ್ಟೇಜು ಬಿದ್ದು ಎಲ್ಲರ ನೀರೂ ಸೊರಗುತ್ತದೆ. ರಿಸೀವರಿನೊಳಗೂ ಒಂದೇ ಟ್ರಾನ್ಸ್‌ಫಾರ್ಮರು, ಅದರ ಮೇಲೆ ಐದು ಏಳು ಚಾನೆಲ್ಲುಗಳು. ಒಂದನ್ನು ಮಾತ್ರ ನಡೆಸಿ ಅಳೆದರೆ ಬರುವ ಸಂಖ್ಯೆ ಬೇರೆ, ಎರಡನ್ನು ನಡೆಸಿದರೆ ಬೇರೆ, ಐದನ್ನೂ ಒಟ್ಟಿಗೆ ದುಡಿಸಿದರೆ ಬೇರೆ. ಸಿನೆಮಾದಲ್ಲಿ ಐದೂ ಚಾನೆಲ್ಲು ಒಂದೇ ಗಳಿಗೆಯಲ್ಲಿ ಪೂರ್ತಿ ಬಲ ಬೇಡುವುದು ಅಪರೂಪ. ಆದ್ದರಿಂದ ಎರಡು ಚಾನೆಲ್ಲಿನ ಅಳತೆಯನ್ನು ಮೋಸವೆನ್ನಲಾಗದು. ಒಂದು ಚಾನೆಲ್ಲಿನ ಅಳತೆಯನ್ನು ಐದರಿಂದ ಗುಣಿಸಿ ಬರೆದರೆ ಮಾತ್ರ ಹುಬ್ಬೇರಿಸಬೇಕು.

ಈ ಐದು ಪ್ರಶ್ನೆಗಳನ್ನು ಹಿಡಿದು ಕೈಪಿಡಿಯ ಚಿತ್ರಗಳನ್ನು ಮುಂದಿಟ್ಟುಕೊಂಡೆವು. ಸಾವಿರದ ಪೆಟ್ಟಿಗೆಯ ಸಾವಿರ ಬಂದದ್ದು ಹೀಗೆ: ಐದು ಸ್ಪೀಕರಿಗೆ ತಲಾ ೧೬೫, ಸಬ್‌ವೂಫರಿಗೆ ೧೭೫, ಒಟ್ಟು ೧೦೦೦. ಷರತ್ತು: ೩ ಓಮು, ೧೦೦೦ ಕಂಪನ, ಶೇಕಡಾ ೧೦ ಕೆಟ್ಟ ಮೇಲೆ, ಒಂದು ಚಾನೆಲ್ ಮಾತ್ರ. ಎಪ್ಪತ್ತರ ಪೆಟ್ಟಿಗೆಯ ಕೈಪಿಡಿಯಲ್ಲಿ ಮೂರು ಸಂಖ್ಯೆಗಳಿದ್ದುವು. ೬ ಓಮಿಗೆ, ೨೦ರಿಂದ ೨೦,೦೦೦ ಕಂಪನದವರೆಗೆ, ಶೇಕಡಾ ೦.೦೯ ಮಾತ್ರ ಕೆಟ್ಟು, ಎರಡು ಚಾನೆಲ್ ಒಟ್ಟಿಗೆ ನಡೆದಾಗ ತಲಾ ೭೦ ವಾಟು. ಅದೇ ೬ ಓಮಿಗೆ, ೧೦೦೦ ಕಂಪನದಲ್ಲಿ, ಒಂದೇ ಚಾನೆಲ್ಲು, ಶೇಕಡಾ ೦.೯ ಕೆಟ್ಟಾಗ ೧೦೦. ಹಾಗೆಯೇ ಶೇಕಡಾ ೧೦ ಕೆಡಲು ಬಿಟ್ಟರೆ ೧೩೫. ಒಂದೇ ಯಂತ್ರ, ಮೂರು ಸಂಖ್ಯೆ, ಮೂರೂ ನಿಜ.

ಈಗ ಎರಡನ್ನೂ ಒಂದೇ ಅಳತೆಗೆ ತರಬೇಕು. ಮೊದಲನೆಯದರ ೧೬೫ನ್ನು ೩ ಓಮಿನಿಂದ ೬ ಓಮಿಗೆ ತಂದರೆ ಅರ್ಧವಾಗಿ ಸುಮಾರು ೮೨ ಉಳಿಯುತ್ತದೆ. ಉಳಿದ ಷರತ್ತುಗಳೆಲ್ಲ ಒಂದೇ ಆಗಿರುವಾಗ ಎರಡನೆಯದರದು ೧೩೫. ಅಂದರೆ, ಒಂದೇ ಕೊಳಗದಲ್ಲಿ ಅಳೆದಾಗ “ಸಾವಿರ”ದ ಪೆಟ್ಟಿಗೆಯ ಚಾನೆಲ್ಲಿಗೆ ೮೨, “ಎಪ್ಪತ್ತ”ರ ಪೆಟ್ಟಿಗೆಯ ಚಾನೆಲ್ಲಿಗೆ ೧೩೫! ಲೆಕ್ಕ ಮುಗಿಸಿ ನಾನು ತಲೆಯೆತ್ತಿದಾಗ ತಂದೆಯವರು, “ಸಿಪ್ಪೆ ಸಮೇತ ತೂಗಿದ ಕಾಯಿ ಅದು, ಒಣಗಿಸಿ ತೂಗಿದ ಕೊಬ್ಬರಿ ಇದು,” ಎಂದರು. ಅಧ್ಯಾಪಕರ ಒಂದು ಗಂಟೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾರಾಂಶವನ್ನು ನಾನು ಬರೆಯಲಾರೆ.

ಇನ್ನೊಂದು ಪರೀಕ್ಷೆಯೂ ಉಂಟು. ಯಂತ್ರದ ಬೆನ್ನಿನ ಮೇಲೆ ಅದು ಗೋಡೆಯ ಪ್ಲಗ್ಗಿನಿಂದ ಎಷ್ಟು ವಿದ್ಯುತ್ತು ಎಳೆಯುತ್ತದೆಂದು ಬರೆದಿರುತ್ತದೆ. ಸಾವಿರದ ಪೆಟ್ಟಿಗೆಯ ಬೆನ್ನಿನಲ್ಲಿದ್ದುದು ೧೪೦ ವಾಟು. ಎಪ್ಪತ್ತರದರ ಬೆನ್ನಿನಲ್ಲಿದ್ದುದು ೨೬೦. ಈ ಸಂಖ್ಯೆ ಸಾಧಾರಣ ಬಳಕೆಯದು. ಕ್ಷಣಕಾಲ ಇದಕ್ಕಿಂತ ಹೆಚ್ಚು ಎಳೆಯಬಹುದೆಂಬುದನ್ನು ಮರೆಯಬಾರದು. ಆದರೂ ಬಾವಿಗೆ ಬಾರದ ನೀರು ಕಾಲುವೆಯಲ್ಲಿ ಹರಿಯದು. ಸತತವಾಗಿ ಸಾವಿರ ವಾಟಿನ ಶಬ್ದ ಹೊರಬರಬೇಕಾದರೆ ಸಾವಿರಕ್ಕಿಂತ ಹೆಚ್ಚು ಒಳಗೆ ಹೋಗಬೇಕು, ಏಕೆಂದರೆ ಒಂದು ಭಾಗ ಬಿಸಿಯಾಗಿ ಕಳೆದುಹೋಗುತ್ತದೆ.

ಈ ಗೊಂದಲ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿಯೇ ಸ್ಟೀರಿಯೋ ಮಾರುವವರು “ಸಂಗೀತದ ವಾಟು”, “ಗರಿಷ್ಠ ವಾಟು” ಎಂದು ಬಗೆಬಗೆಯ ವಾಟುಗಳನ್ನು ಸಾರತೊಡಗಿದ್ದರು. ಕೊನೆಗೆ ೧೯೭೪ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ಮಾಡಿ, ವಾಟಿನ ಸಂಖ್ಯೆ ಹೇಳುವವರು ಸತತ ಸರಾಸರಿಯನ್ನೇ ಹೇಳಬೇಕು, ಜೊತೆಗೆ ಓಮು, ಕಂಪನದ ವ್ಯಾಪ್ತಿ, ಕೆಡುವ ಪ್ರಮಾಣ ಇವನ್ನೂ ಹೇಳಬೇಕು ಎಂದು ವಿಧಿಸಿತು. ಐವತ್ತು ವರ್ಷಗಳ ಅನಂತರ, ೨೦೨೪ರಲ್ಲಿ, ಅದೇ ನಿಯಮವನ್ನು ಬಿಗಿಗೊಳಿಸಿ ಅಳತೆಯನ್ನೇ ಗೊತ್ತುಪಡಿಸಿದರು: ೮ ಓಮು, ೨೦ರಿಂದ ೨೦,೦೦೦ ಕಂಪನ, ಕೆಡುವುದು ಶೇಕಡಾ ೧ಕ್ಕಿಂತ ಕಡಿಮೆ. ಸಂಖ್ಯೆಗೂ ವ್ಯಾಕರಣ ಬೇಕೆಂದು ಒಂದು ಸರ್ಕಾರ ಅರ್ಧ ಶತಮಾನ ಹೆಣಗಿದೆ ಎಂದಮೇಲೆ, ವಿಷಯ ಸಣ್ಣದೇನೂ ಅಲ್ಲ.

ಸರಿ, ಎಪ್ಪತ್ತೇ ಹೆಚ್ಚು ಎಂದಾಯಿತು. ಆದರೆ ಎಪ್ಪತ್ತು ಸಾಕೆ? ಇಲ್ಲಿ ನಮ್ಮ ಕಿವಿಯ ಸ್ವಭಾವವನ್ನು ತಿಳಿಯಬೇಕು. ವಾಟು ಎರಡರಷ್ಟಾದರೆ ಶಬ್ದ ಎರಡರಷ್ಟಾಗುವುದಿಲ್ಲ. ೩ ಡೆಸಿಬೆಲ್ ಮಾತ್ರ ಏರುತ್ತದೆ, ಅಂದರೆ ಹೌದು ಸ್ವಲ್ಪ ಹೆಚ್ಚಿತು ಎನ್ನುವಷ್ಟು. ಶಬ್ದ ಎರಡರಷ್ಟಾಯಿತು ಎಂದು ಕಿವಿಗೆ ತೋರಬೇಕಾದರೆ ವಾಟು ಸುಮಾರು ಹತ್ತರಷ್ಟಾಗಬೇಕು. ೯೦ ವಾಟಿಗೂ ೧೦೦ ವಾಟಿಗೂ ಇರುವ ಅಂತರ ಅರ್ಧ ಡೆಸಿಬೆಲ್ಲಿಗೂ ಕಡಿಮೆ; ಅದು ಕಿವಿಗೆ ತಿಳಿಯುವುದೇ ಇಲ್ಲ, ಜೇಬಿಗೆ ಮಾತ್ರ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಸ್ಪೀಕರು. ಸ್ಪೀಕರಿನ ಮೇಲೂ ವಾಟು ಬರೆದಿರುತ್ತದೆ. ಅದು ಅದು ಮಾಡುವ ಶಬ್ದವಲ್ಲ, ತಾಳಿಕೊಳ್ಳುವ ಹೊರೆ. ನೋಡಬೇಕಾದದ್ದು ಅದರ ಸೂಕ್ಷ್ಮತೆ, ಎಂದರೆ ಒಂದು ವಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. ೮೫ ಡೆಸಿಬೆಲ್ಲಿನ ಸ್ಪೀಕರಿಗೆ ಬದಲಾಗಿ ೯೧ರದ್ದನ್ನು ತಂದರೆ ವಾಟನ್ನು ನಾಲ್ಕರಷ್ಟು ಮಾಡಿದ ಫಲ. ನಾವು ನೋಡಿದ ಸ್ಪೀಕರಿನದು ೮೮. ನಮ್ಮ ನಡುಮನೆಯಲ್ಲಿ ಕೂರುವ ಜಾಗ ಹತ್ತು ಅಡಿ ದೂರ, ಎಂದರೆ ಮೂರು ಮೀಟರು. ಅಷ್ಟು ದೂರಕ್ಕೆ ಬಯಲಿನಲ್ಲಾದರೆ ಒಂಬತ್ತೂವರೆ ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಹಿಂದಿರುಗಿಸುವುದರಿಂದ ಅಷ್ಟು ಇಳಿಯುವುದಿಲ್ಲ. ಹೆಚ್ಚು ಕಡಿಮೆ ೮೦ ಉಳಿಯಿತೆನ್ನೋಣ. ಎದುರಿಗೆ ಕುಳಿತವರ ಸಹಜವಾದ ಮಾತು ಸುಮಾರು ೬೦ ಡೆಸಿಬೆಲ್. ಅಂದಮೇಲೆ ಒಂದೇ ಒಂದು ವಾಟು ಮಾತಿಗಿಂತ ಎಷ್ಟೋ ಜೋರಾಗಿ ಕೇಳಿಸುತ್ತದೆ! ಹಾಗಾದರೆ ಉಳಿದ ಅರವತ್ತೊಂಬತ್ತು ಏಕೆ? ಮದ್ದಳೆಯ ಒಂದು ಪೆಟ್ಟು, ಸಿಡಿಲಿನ ಒಂದು ಸದ್ದು ಬಂದಾಗ ಶಬ್ದ ಒಮ್ಮೆಗೇ ೧೫ ಡೆಸಿಬೆಲ್ ಮೇಲೆ ಹಾರುತ್ತದೆ. ಆ ಕ್ಷಣಕ್ಕೆ ಸುಮಾರು ೩೨ ವಾಟು ಬೇಕು. ಅದು ಇಲ್ಲದಿದ್ದರೆ ಅಲೆಯ ತಲೆ ಚಪ್ಪಟೆ. ವಾಟುಗಳು ದಿನದ ಖರ್ಚಿಗಲ್ಲ. ಹಬ್ಬಕ್ಕೆಂದು ಕಣಜದಲ್ಲಿಟ್ಟ ದಾಸ್ತಾನು. ನಮ್ಮ ಕೋಣೆಗೆ ನಿಜವಾದ ಎಪ್ಪತ್ತು ಧಾರಾಳ.

ಆದರೆ ಅಜ್ಜಿಯ ಪ್ರಶ್ನೆ ಇದಾವುದರಿಂದಲೂ ತೀರಲಿಲ್ಲ, ಏಕೆಂದರೆ ಅದು ಜೋರಿನ ಪ್ರಶ್ನೆಯೇ ಆಗಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ನಮ್ಮ ಭಾಷೆಯ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದೆ. ವ್ಯಂಜನಗಳ, ಅದರಲ್ಲಿಯೂ ಸ, ಶ, ತ, ಚಗಳಂಥವುಗಳ ಗುರುತು ಮೇಲಿನವುಗಳಲ್ಲಿದೆ. ಹೀಗಾಗಿ ಅಜ್ಜಿಗೆ ಸ್ವರ ಕೇಳಿಸುತ್ತದೆ, ವ್ಯಂಜನ ಕೇಳಿಸುವುದಿಲ್ಲ. “ಸೊಸೆ” ಎಂದರೆ ಯಾರೋ ಓ ಏ ಎಂದ ಹಾಗೆ. ವರ್ಣಮಾಲೆಯನ್ನು ಸ್ವರ, ವ್ಯಂಜನ ಎಂದು ಬೇರ್ಪಡಿಸಿ ನಾವು ಒಂದನೆಯ ತರಗತಿಯಿಂದ ಬಾಯಿಪಾಠ ಮಾಡಿದ್ದೇವೆ. ಅವೆರಡರ ನಡುವಿನ ಗೆರೆ ಒಬ್ಬ ಮುದುಕಿಯನ್ನು 'ನಡುಮನೆ'ಯಿಂದ ಜಗಲಿಗೆ ಕಳಿಸಬಲ್ಲುದೆಂದು ನನಗೆ ತಿಳಿದದ್ದು ಈಗ. ಕೆಟ್ಟ ಶಬ್ದವನ್ನು ಜೋರು ಮಾಡಿದರೆ ಓ ಏಗಳೇ ಜೋರಾಗುತ್ತವೆ, ಅವುಗಳ ಮೇಲೆ ಹಿನ್ನೆಲೆಯ ವಾದ್ಯ ಬೇರೆ. ಸಾವಿರ ವಾಟು ಅಲ್ಲಿ ಏನೂ ಮಾಡಲಾರದು.

ಮಾಡಬಲ್ಲದ್ದು ನಡುವಿನ ಸ್ಪೀಕರು. ೫.೧ ರೀತಿಯ ಸಿನೆಮಾಗಳಲ್ಲಿ ಮಾತನ್ನು ಬಹುಮಟ್ಟಿಗೆ ನಡುವಿನ ಚಾನೆಲ್ಲಿಗೇ ಹಾಕಿರುತ್ತಾರೆ. ಎಡ ಬಲ ಎರಡೇ ಇರುವ ಹಳೆಯ ಕಾರ್ಯಕ್ರಮಗಳಲ್ಲಿ, ಎರಡರಲ್ಲೂ ಸಮನಾಗಿರುವುದನ್ನು ಹೆಕ್ಕಿ ನಡುವಿಗೆ ಕಳಿಸುವ ವಿದ್ಯೆ ರಿಸೀವರಿಗೆ ಗೊತ್ತು. ಮಾತು ಸಾಮಾನ್ಯವಾಗಿ ಹಾಗೆ ಸಮನಾಗಿಯೇ ಇರುತ್ತದೆ. ಆಮೇಲೆ ಆ ನಡುವಿನ ಚಾನೆಲ್ಲೊಂದನ್ನೇ ಮೂರು ನಾಲ್ಕು ಡೆಸಿಬೆಲ್ ಏರಿಸಬಹುದು, ಅದರ ಮೇಲಿನ ಕಂಪನಗಳನ್ನು ತುಸು ಎತ್ತಿಕೊಡಬಹುದು, ವಾದ್ಯವನ್ನು ಇದ್ದಲ್ಲೇ ಬಿಡಬಹುದು. ಸ್ಪೀಕರು ಕೇಳುವವರ ಕಿವಿಯ ಮಟ್ಟಕ್ಕಿರಬೇಕು, ಮುಖ ಅವರ ಕಡೆಗಿರಬೇಕು. ಟೆಲಿವಿಷನ್ನಿನ ಸ್ವಂತ ಸ್ಪೀಕರು ಸಾಮಾನ್ಯವಾಗಿ ನೆಲವನ್ನೋ ಗೋಡೆಯನ್ನೋ ನೋಡಿಕೊಂಡು ಮಾತನಾಡುತ್ತದೆ. ಮುಖ ತಿರುಗಿಸಿ ಮಾತಾಡುವವರ ಮಾತು ನಮಗೂ ತಿಳಿಯದು.

ಮುಂದಿನ ವಾರ ಅದೇ ಅಂಗಡಿಗೆ ಹೋಗಿ ಎಪ್ಪತ್ತು ವಾಟಿನ ರಿಸೀವರನ್ನೂ, ಎಡ, ಬಲ, ನಡು ಎಂದು ಮೂರೇ ಸ್ಪೀಕರುಗಳನ್ನೂ ತಂದೆವು. ಹಿಂದಿನ ಎರಡು ಸ್ಪೀಕರು, ಸಬ್‌ವೂಫರು ಇವೆಲ್ಲ ಮುಂದಿನ ಕೊಬ್ಬರಿಗೋ ಅದರ ಮುಂದಿನದಕ್ಕೋ ಆದೀತು, ಮೊದಲು ಮೋಟರು. ಜೋಡಿಸುವಾಗ ತಂದೆಯವರು ಯಂತ್ರದ ಬೆನ್ನಿನ ಫಲಕವನ್ನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು.

ಮೊದಲ ಸಂಜೆ ಅಜ್ಜಿಯನ್ನು ನಾವು ಯಾರೂ ಕರೆಯಲಿಲ್ಲ. ಕರೆದರೆ ಬರುವ ಸ್ವಭಾವ ಆಕೆಯದಲ್ಲ. ಧಾರಾವಾಹಿ ಶುರುವಾಯಿತು. ಹಿತ್ತಿಲ ಕಡೆಯಿಂದ ಬಂದವಳು ಬಾಗಿಲ ಬಳಿ ನಿಂತಳು, ಗೋಡೆಗೊರಗಿದಳು, ಕೊನೆಗೆ ತನ್ನ ಹಳೆಯ ಜಾಗದಲ್ಲಿ ಕುಳಿತಳು. ಒಂದು ಗಳಿಗೆ ಕಳೆದ ಮೇಲೆ ತೆರೆಯ ಮೇಲಿನ ಅತ್ತೆ ಏನೋ ಗೊಣಗಿದಳು. ನಮ್ಮ ತಾಯಿ ತರಕಾರಿ ಹೆಚ್ಚುತ್ತಿದ್ದವರು “ಏನಂದಳು?” ಎಂದು ತಲೆಯೆತ್ತಿದರು. ಅಜ್ಜಿ ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು.

ಆಮೇಲೆ ನನ್ನ ಕಡೆ ತಿರುಗಿ, “ಯಾಕ್ಲಾ ಅಷ್ಟು ಜೋರಾಗಿ ಇಟ್ಟಿದೀಯ? ಕಮ್ಮಿ ಮಾಡು. ನನಗೇನು ಕಿವುಡೆ?” ಎಂದಳು.

ಕಮ್ಮಿ ಮಾಡಿದೆ. ಆಗ ಆ ಯಂತ್ರ ಸ್ಪೀಕರಿಗೆ ಕೊಡುತ್ತಿದ್ದುದು, ಅಧ್ಯಾಪಕರ ಲೆಕ್ಕದ ಪ್ರಕಾರ, ಒಂದು ವಾಟಿನ ಹತ್ತನೆಯ ಒಂದು ಪಾಲೂ ಇದ್ದಿರಲಾರದು.

— ದ್ವಿತೀಯ ಬಿ. ಎ. ವಿದ್ಯಾರ್ಥಿ